ಹೊಸ ಪ್ರೊಸೆಸರ್ ಹಾಕಿದ ಮೇಲೆ ವಿಪರೀತ ಬಿಸಿಯಾಗುತ್ತಿದೆಯಾ? ಕೂಲರ್ ಬದಲಿಸುವ ಮೊದಲು ಇದನ್ನು ಓದಿ

"ಪ್ರೊಸೆಸರ್ ಬದಲಾಯಿಸಿದೆ. ಮೊದಲು 65 ಡಿಗ್ರಿ ದಾಟ್ತಿರಲಿಲ್ಲ, ಈಗ 95 ತೋರಿಸ್ತಿದೆ. ಏನು ಮಾಡ್ಲಿ?" ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ಕೇಳುವವರು ಬೇರೆ, ಕಂಪ್ಯೂಟರ್ ಬೇರೆ. ಆದರೆ ಕೇಳುವ ಹೊತ್ತಿಗೆ ಹೆಚ್ಚಿನವರು ಎರಡರಲ್ಲಿ ಒಂದು ಕೆಲಸ ಮುಗಿಸಿರುತ್ತಾರೆ. ಪೇಸ್ಟ್ ಒರೆಸಿ ಮತ್ತೆ ಹಚ್ಚಿರುತ್ತಾರೆ, ಇಲ್ಲವೇ ಇನ್ನೂ ದೊಡ್ಡ ಕೂಲರ್ ತರಿಸಿರುತ್ತಾರೆ. ತಪ್ಪು ಎಲ್ಲಿದೆ ಅಂತ ಗೊತ್ತಿಲ್ಲದೆ ಇವನ್ನು ಮಾಡಿದರೆ ದುಡ್ಡು ಹೋಗುತ್ತದೆ, ಬಿಸಿ ಮಾತ್ರ ಅಲ್ಲೇ ಇರುತ್ತದೆ.

ಎಷ್ಟು ಡಿಗ್ರಿ ಅನ್ನೋದು ಅರ್ಧ ವಿಷಯ ಮಾತ್ರ. ಅಷ್ಟು ಡಿಗ್ರಿಗೆ ಎಷ್ಟು ಬೇಗ ಏರಿತು, ಆಗ ಪ್ರೊಸೆಸರ್ ಎಷ್ಟು ವಿದ್ಯುತ್ ಎಳೆಯುತ್ತಿತ್ತು ಅನ್ನೋದು ಉಳಿದರ್ಧ. ಇವನ್ನು ಒಟ್ಟಿಗೆ ಇಟ್ಟು ನೋಡಿದರೆ, ಸ್ಕ್ರೂಡ್ರೈವರ್ ಮುಟ್ಟುವ ಮೊದಲೇ ತಪ್ಪಿನ ಜಾಗ ಬಹುಪಾಲು ಗೊತ್ತಾಗುತ್ತದೆ. ಇಲ್ಲಿ ಹೇಳಿರುವುದೆಲ್ಲ ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಸಂಬಂಧಿಸಿದ್ದು.

ಏನೇನು ಬೇಕು

ಸ್ಟಾರ್ ಸ್ಕ್ರೂಡ್ರೈವರ್, ಒಂದು ಟ್ಯೂಬ್ ಥರ್ಮಲ್ ಪೇಸ್ಟ್, ಶೇಕಡಾ 90 ಅಥವಾ ಅದಕ್ಕಿಂತ ಜಾಸ್ತಿ ಸಾಂದ್ರತೆಯ ಐಸೊಪ್ರೊಪೈಲ್ ಆಲ್ಕೋಹಾಲ್, ನಾರು ಬಿಡದ ಬಟ್ಟೆ, ಒಂದು ಟಾರ್ಚ್. ಅಳೆಯಲು ವಿಂಡೋಸ್‌ನಲ್ಲಿ ಹೆಚ್‌ಡಬ್ಲ್ಯೂಇನ್ಫೋ ಎಂಬ ಉಚಿತ ತಂತ್ರಾಂಶ ಸಾಕು. ಲಿನಕ್ಸ್‌ನಲ್ಲಿ ಎಲ್‌ಎಂ-ಸೆನ್ಸರ್ಸ್ ಇದೆ. ಪ್ರೊಸೆಸರಿಗೆ ಪೂರ್ತಿ ಕೆಲಸ ಕೊಡಲು ವಿಂಡೋಸ್‌ನಲ್ಲಿ ಸಿನೆಬೆಂಚ್ ಎಂಬ ಪರೀಕ್ಷಾ ತಂತ್ರಾಂಶ ಹಾಕಿಕೊಳ್ಳಿ.

ಮುಂದೆ ಪದೇ ಪದೇ ಬರುವ ಕೆಲವು ಪದಗಳನ್ನು ಈಗಲೇ ಹೇಳಿಬಿಡುತ್ತೇನೆ. ಥರ್ಮಲ್ ಪೇಸ್ಟ್ ಅಂದರೆ ಪ್ರೊಸೆಸರಿನ ಲೋಹದ ಮುಚ್ಚಳಕ್ಕೂ ಕೂಲರಿನ ತಳಕ್ಕೂ ನಡುವೆ ಹಚ್ಚುವ ಮುಲಾಮಿನಂಥ ವಸ್ತು. ಕಣ್ಣಿಗೆ ನುಣುಪಾಗಿ ಕಾಣುವ ಲೋಹದ ಮೇಲೂ ಸಣ್ಣ ಸಣ್ಣ ಗುಳಿಗಳಿರುತ್ತವೆ. ಅಲ್ಲಿ ಗಾಳಿ ಕೂತರೆ ಬಿಸಿ ದಾಟುವುದಿಲ್ಲ. ಪೇಸ್ಟ್ ಆ ಗುಳಿಗಳನ್ನು ತುಂಬುತ್ತದೆ. ಗರಿಷ್ಠ ಮಿತಿ ಅಂದರೆ ಪ್ರೊಸೆಸರ್ ತಯಾರಿಸಿದವರೇ ನಿಗದಿ ಮಾಡಿದ ತಾಪಮಾನದ ಗಡಿ. ಆ ಗಡಿ ಮುಟ್ಟಿದಾಗ ಪ್ರೊಸೆಸರ್ ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ, ಅದಕ್ಕೆ ಥ್ರಾಟ್ಲಿಂಗ್ ಅನ್ನುತ್ತಾರೆ. ಬೋರ್ಡ್ ಅಂದರೆ ಮದರ್‌ಬೋರ್ಡ್. ಸಾಕೆಟ್ ಅಂದರೆ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ. ಬ್ಯಾಕ್‌ಪ್ಲೇಟ್ ಅಂದರೆ ಬೋರ್ಡಿನ ಹಿಂಬದಿಯಲ್ಲಿದ್ದು ಕೂಲರಿನ ಸ್ಕ್ರೂಗಳನ್ನು ಹಿಡಿದುಕೊಳ್ಳುವ ತಟ್ಟೆ.

ಹಂತ 1: ನಿಮ್ಮ ಪ್ರೊಸೆಸರಿಗೆ ಎಷ್ಟು ಬಿಸಿ ಸಹಜ ಅಂತ ತಿಳಿದುಕೊಳ್ಳಿ

ಹಳೆಯ ಪ್ರೊಸೆಸರಿನ ಲೆಕ್ಕವನ್ನು ಹೊಸದಕ್ಕೆ ಹಾಕಬೇಡಿ. ಎಎಂಡಿ ರೈಜನ್ 7000 ಸರಣಿಯ, ಹೆಸರಿನ ಕೊನೆಗೆ ಎಕ್ಸ್ ಇರುವ ಪ್ರೊಸೆಸರುಗಳ ಮಿತಿ 95 ಡಿಗ್ರಿ ಸೆಲ್ಸಿಯಸ್. ಎಲ್ಲ ಕೋರ್‌ಗಳಿಗೂ ಪೂರ್ತಿ ಕೆಲಸ ಬಿದ್ದಾಗ 95ರ ತನಕ ಹೋಗಿ ಅಲ್ಲೇ ನಿಲ್ಲುವಂತೆಯೇ ಅವನ್ನು ರೂಪಿಸಿದ್ದಾರೆ. ಅದು ಕೆಟ್ಟಿದೆ ಅಂತ ಅರ್ಥವಲ್ಲ. ರೈಜನ್ 7 5800ಎಕ್ಸ್ ಮತ್ತು 5800ಎಕ್ಸ್3ಡಿಗೆ ಮಿತಿ 90. ರೈಜನ್ 7 7800ಎಕ್ಸ್3ಡಿಗೆ 89. ಇಂಟೆಲ್‌ನ 12ರಿಂದ 14ನೇ ತಲೆಮಾರಿನ, ಹೆಸರಿನ ಕೊನೆಗೆ ಕೆ ಇರುವ ಪ್ರೊಸೆಸರುಗಳಿಗೆ 100. ನಿಮ್ಮದು ಬೇರೆಯಾದರೆ ತಯಾರಕರ ಪುಟದಲ್ಲಿ ಮಿತಿ ಬರೆದಿರುತ್ತದೆ, ಒಮ್ಮೆ ನೋಡಿ ಬರೆದಿಟ್ಟುಕೊಳ್ಳಿ.

ಇಲ್ಲಿ ತುಂಬಾ ಜನ ಎಡವುವುದು ಟಿಡಿಪಿಯಲ್ಲಿ, ಅಂದರೆ ತಯಾರಕರು ಪ್ರೊಸೆಸರಿಗೆ ವ್ಯಾಟ್ ಲೆಕ್ಕದಲ್ಲಿ ಕೊಡುವ ಅಂಕಿಯಲ್ಲಿ. ಡಬ್ಬಿಯ ಮೇಲೆ 105 ವ್ಯಾಟ್ ಅಂತ ಇದ್ದರೆ ಪ್ರೊಸೆಸರ್ 105 ವ್ಯಾಟ್ ಮಾತ್ರ ಎಳೆಯುತ್ತದೆ ಅಂದುಕೊಳ್ಳುತ್ತಾರೆ. ಹಾಗಲ್ಲ. ಎಎಂ4 ಮತ್ತು ಎಎಂ5 ಎಎಂಡಿಯ ಹಳೆಯ ಮತ್ತು ಹೊಸ ಸಾಕೆಟ್‌ಗಳ ಹೆಸರು. ಎಎಂಡಿಯ 105 ವ್ಯಾಟ್ ಎಎಂ4 ಪ್ರೊಸೆಸರ್ 142 ವ್ಯಾಟ್ ತನಕ ಎಳೆಯಬಹುದು, 65 ವ್ಯಾಟಿನದು 88 ತನಕ, 170 ವ್ಯಾಟಿನ ಎಎಂ5 ಪ್ರೊಸೆಸರ್ 230 ತನಕ. ಇಂಟೆಲ್ ಕೋರ್ ಐ9-14900ಕೆ ಮೇಲೆ 125 ಅಂತ ಇರುತ್ತದೆ, ಆದರೆ ಟರ್ಬೊದಲ್ಲಿ, ಅಂದರೆ ತಾನಾಗಿಯೇ ವೇಗ ಏರಿಸಿಕೊಂಡಾಗ, ಅದರ ಮಿತಿ 253 ವ್ಯಾಟ್. 65 ವ್ಯಾಟಿನ ಹಳೆಯ ಪ್ರೊಸೆಸರಿಗೆ ಬಂದ ಪುಟ್ಟ ಕೂಲರನ್ನು ಇಂಥದರ ಮೇಲೆ ಕೂರಿಸಿದ್ದರೆ ಮುಂದಿನ ಯಾವ ಹಂತವೂ ಬೇಕಿಲ್ಲ. ಕೂಲರ್ ಚಿಕ್ಕದಾಯಿತು, ಅಷ್ಟೇ.

ಕೋಣೆಯ ಬಿಸಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಕೋಣೆ 10 ಡಿಗ್ರಿ ಜಾಸ್ತಿಯಾದರೆ ಪ್ರೊಸೆಸರೂ ಸುಮಾರು ಅಷ್ಟೇ ಜಾಸ್ತಿ ತೋರಿಸುತ್ತದೆ. ಚಳಿಗಾಲದಲ್ಲಿ ಅಳೆದ ಅಂಕಿಯನ್ನು ಬೇಸಿಗೆಯ ಅಂಕಿಯ ಪಕ್ಕ ಇಟ್ಟು ಗಾಬರಿಯಾಗಬೇಡಿ.

ಹಂತ 2: ಬಿಸಿ ಏರುವ ರೀತಿಯನ್ನು ಗಮನಿಸಿ

ಇದಕ್ಕೆ ಅರ್ಧ ಗಂಟೆ ಕೊಡಿ. ಇಡೀ ಕೆಲಸದಲ್ಲಿ ಅತಿ ಮುಖ್ಯವಾದ ಅರ್ಧ ಗಂಟೆ ಇದೇ.

ಹೆಚ್‌ಡಬ್ಲ್ಯೂಇನ್ಫೋ ತೆರೆದು ಸೆನ್ಸರ್‌ಗಳ ಪಟ್ಟಿ ಮಾತ್ರ ನೋಡಿ. ಪಟ್ಟಿ ಉದ್ದವಿರುತ್ತದೆ. ನಿಮಗೆ ಬೇಕಾದದ್ದು ಪ್ರೊಸೆಸರಿನ ತಾಪಮಾನ, ಅದು ಎಳೆಯುತ್ತಿರುವ ವ್ಯಾಟ್, ಫ್ಯಾನಿನ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು), ಮತ್ತು ಥ್ರಾಟ್ಲಿಂಗ್ ಆಗಿದೆಯೋ ಇಲ್ಲವೋ ಎಂಬ ಸಾಲು. ಮೊದಲು ಎಲ್ಲವನ್ನೂ ಮುಚ್ಚಿ ಹತ್ತು ನಿಮಿಷ ಕಂಪ್ಯೂಟರನ್ನು ಸುಮ್ನೆ ಬಿಡಿ. ಆ ಅಂಕಿ ಬರೆದುಕೊಳ್ಳಿ. ಆಮೇಲೆ ಸಿನೆಬೆಂಚ್‌ನ ಮಲ್ಟಿ ಕೋರ್ ಪರೀಕ್ಷೆ ಹತ್ತು ನಿಮಿಷ ಓಡಿಸಿ. ಶುರುವಾದ ಐದು ಸೆಕೆಂಡಿಗೆ, ಒಂದು ನಿಮಿಷಕ್ಕೆ, ಐದು ನಿಮಿಷಕ್ಕೆ, ಹತ್ತು ನಿಮಿಷಕ್ಕೆ ತಾಪಮಾನ ಮತ್ತು ವ್ಯಾಟ್ ಎರಡನ್ನೂ ಬರೆಯಿರಿ. ನಿಲ್ಲಿಸಿದ ಮೇಲೆ ಎಷ್ಟು ಬೇಗ ಇಳಿಯಿತು ಅಂತಲೂ ನೋಡಿ.

ಎಚ್ಚರಿಕೆ: ಪ್ರೈಮ್95 ಎಂಬ ಇನ್ನೊಂದು ತಂತ್ರಾಂಶದ ಅತಿ ಕಠಿಣ ಪರೀಕ್ಷೆ ಓಡಿಸಿ ಬಂದ ಅಂಕಿಯಿಂದ ತೀರ್ಮಾನಕ್ಕೆ ಬರಬೇಡಿ. ದಿನನಿತ್ಯದ ಕೆಲಸ ಯಾವುದೂ ಪ್ರೊಸೆಸರನ್ನು ಅಷ್ಟು ಹಿಂಡುವುದಿಲ್ಲ.

ಈಗ ಬರೆದದ್ದನ್ನು ಓದೋಣ.

ಕೆಲಸ ಶುರುವಾದ ಕೆಲವೇ ಸೆಕೆಂಡಿನಲ್ಲಿ ನೇರ ಮಿತಿ ಮುಟ್ಟಿತು, ವ್ಯಾಟ್ ನೋಡಿದರೆ ಕಡಿಮೆಯೇ ಇದೆ, ನಿಲ್ಲಿಸಿದ ತಕ್ಷಣ ತಾಪಮಾನ ದಡಕ್ಕನೆ ಬಿತ್ತು. ಹೀಗಿದ್ದರೆ ಬಿಸಿ ಕೂಲರಿಗೆ ದಾಟುತ್ತಲೇ ಇಲ್ಲ. ಇದನ್ನು ಕೈಯಿಂದಲೇ ಖಚಿತ ಮಾಡಿಕೊಳ್ಳಬಹುದು. ಪರೀಕ್ಷೆ ಓಡುತ್ತಿರುವಾಗ ಕ್ಯಾಬಿನೆಟ್‌ನ ಪಕ್ಕದ ಮುಚ್ಚಳ ತೆಗೆದು, ಫ್ಯಾನಿನಿಂದ ಬೆರಳು ದೂರವಿಟ್ಟು, ಕೂಲರಿನ ಲೋಹದ ರೆಕ್ಕೆಗಳನ್ನು ಮೆಲ್ಲಗೆ ಮುಟ್ಟಿ. ಪರದೆಯ ಮೇಲೆ 95 ಇದ್ದು ರೆಕ್ಕೆಗಳು ತಣ್ಣಗಿದ್ದರೆ, ಪ್ರೊಸೆಸರಿಗೂ ಕೂಲರಿಗೂ ಸರಿಯಾದ ಸಂಪರ್ಕವೇ ಇಲ್ಲ. ಹಂತ 4ಕ್ಕೆ ಹೋಗಿ.

ಇಲ್ಲೊಂದು ಮಾತು. ಈಗಿನ ಪ್ರೊಸೆಸರುಗಳ ಸಿಲಿಕಾನ್ ತುಣುಕು ತುಂಬಾ ಚಿಕ್ಕದು, ಅಷ್ಟು ಸಣ್ಣ ಜಾಗದಿಂದ ಅಷ್ಟೂ ಬಿಸಿ ಹೊರಬರಬೇಕು. ಹಾಗಾಗಿ ಕೆಲಸ ಬಿದ್ದ ಕೂಡಲೇ 20–30 ಡಿಗ್ರಿ ಜಿಗಿಯುವುದು ಸಹಜವೇ. ಜಿಗಿತವೊಂದನ್ನೇ ತಪ್ಪು ಅಂದುಕೊಳ್ಳಬೇಡಿ. ಕಡಿಮೆ ವ್ಯಾಟಿಗೇ ಮಿತಿ ಮುಟ್ಟಿತಾ ಅಂತ ನೋಡಿ.

ತಾಪಮಾನ ಮೊದಲ ನಿಮಿಷ ಚೆನ್ನಾಗಿಯೇ ಇದ್ದು, ಐದು, ಹತ್ತು ನಿಮಿಷದಲ್ಲಿ ನಿಧಾನವಾಗಿ ಹತ್ತುತ್ತಾ ಹೋದರೆ ಸಂಪರ್ಕ ಸರಿಯಿದೆ. ಕೂಲರ್ ಬಿಸಿಯನ್ನು ಹೀರುತ್ತಿದೆ, ಆದರೆ ಅದನ್ನು ಹೊರಗೆ ಹಾಕಲು ಆಗುತ್ತಿಲ್ಲ. ಫ್ಯಾನ್ ಮತ್ತು ಗಾಳಿಯ ದಾರಿ ನೋಡಬೇಕು, ಹಂತ 5 ಮತ್ತು 6.

ಮಿತಿ ಮುಟ್ಟಿದಾಗ ವ್ಯಾಟ್ 200, 250 ಅಂತ ದೊಡ್ಡದಾಗಿ ಕಂಡರೆ ಸಂಪರ್ಕದ ತಪ್ಪಿರಲಿಕ್ಕಿಲ್ಲ. ಪ್ರೊಸೆಸರಿನ ಮಿತಿಯೇ ಅಷ್ಟಿರಬಹುದು, ಇಲ್ಲವೇ ಬೋರ್ಡು ಅದಕ್ಕೆ ಲಗಾಮು ಹಾಕಿಲ್ಲದಿರಬಹುದು. ಹಂತ 3.

ಏನೂ ಕೆಲಸ ಇಲ್ಲದೆಯೇ 65–70 ಇದ್ದರೆ ಮೊದಲು ಟಾಸ್ಕ್ ಮ್ಯಾನೇಜರ್ ತೆರೆದು ಹಿನ್ನೆಲೆಯಲ್ಲಿ ಏನಾದರೂ ಓಡುತ್ತಿದೆಯಾ ಅಂತ ನೋಡಿ. ಏನೂ ಇಲ್ಲದಿದ್ದರೆ ಫ್ಯಾನ್ ಅಥವಾ ನೀರಿನ ಕೂಲರಿನ ಪಂಪ್ ನಿಂತಿರಬಹುದು, ಇಲ್ಲವೇ ಸಂಪರ್ಕ ತೀರಾ ಕೆಟ್ಟಿರಬಹುದು.

ಹಂತ 3: ಬಯಾಸ್ ಸರಿಪಡಿಸಿ

ಬಯಾಸ್ ಅಂದರೆ ಕಂಪ್ಯೂಟರ್ ಶುರುವಾಗುವಾಗ ಬೋರ್ಡಿನಲ್ಲೇ ಓಡುವ ಮೂಲ ತಂತ್ರಾಂಶ. ಪ್ರೊಸೆಸರ್ ಬದಲಿಸಿದ ಮೇಲೆ ಇದನ್ನು ಮುಟ್ಟದವರೇ ಜಾಸ್ತಿ. ನಾನು ಮಾಡುವ ಕ್ರಮ ಹೀಗಿದೆ. ಮೊದಲು ಬೋರ್ಡ್ ತಯಾರಕರ ಇತ್ತೀಚಿನ ಬಯಾಸ್ ಹಾಕಿ. ಆಮೇಲೆ ಮೂಲ ಸೆಟ್ಟಿಂಗ್‌ಗೆ ಮರಳಿಸುವ ಆಯ್ಕೆ ಒತ್ತಿ. ಹಳೆಯ ಪ್ರೊಸೆಸರಿಗೆ ಯಾವತ್ತೋ ಓವರ್‌ಕ್ಲಾಕ್ ಮಾಡಿ, ಅಂದರೆ ನಿಗದಿಗಿಂತ ಜಾಸ್ತಿ ವೇಗದಲ್ಲಿ ಓಡಿಸಲು, ವೋಲ್ಟೇಜ್ ಕೈಯಾರೆ ಹಾಕಿದ್ದರೆ, ಅದೇ ಅಂಕಿ ಹೊಸ ಪ್ರೊಸೆಸರಿನ ಮೇಲೂ ಕೂತಿರಬಹುದು. ಇದು ಬರೀ ಬಿಸಿಯ ವಿಷಯವಲ್ಲ, ಪ್ರೊಸೆಸರಿಗೇ ಅಪಾಯ. ಮರಳಿಸಿದ ಮೇಲೆ, ಮೆಮೊರಿಯನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆಯ್ಕೆಯನ್ನು ಮಾತ್ರ ಮತ್ತೆ ಆನ್ ಮಾಡಿಕೊಳ್ಳಿ.

ಇಂಟೆಲ್‌ನ 13 ಅಥವಾ 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್ ಹಾಕಿದ್ದರೆ ಬಯಾಸ್ ನವೀಕರಣವನ್ನು ದಯವಿಟ್ಟು ಮುಂದೂಡಬೇಡಿ. ಅಗತ್ಯಕ್ಕಿಂತ ಜಾಸ್ತಿ ವೋಲ್ಟೇಜ್ ಹೋಗಿ ಈ ಪ್ರೊಸೆಸರುಗಳಲ್ಲಿ ಕೆಲವು ಕಾಲಕ್ರಮೇಣ ಕೆಡುವ ತೊಂದರೆ ಬೆಳಕಿಗೆ ಬಂದು, 2024ರಲ್ಲಿ ಇಂಟೆಲ್ ಅದಕ್ಕೆ ಮೈಕ್ರೋಕೋಡ್ ತಿದ್ದುಪಡಿಗಳನ್ನು ಬಿಟ್ಟಿತು. ಮೈಕ್ರೋಕೋಡ್ ಅಂದರೆ ಪ್ರೊಸೆಸರ್ ಒಳಗೆ ಹೇಗೆ ನಡೆದುಕೊಳ್ಳಬೇಕು ಅಂತ ಹೇಳುವ ಸೂಚನೆಗಳು. ಅವು ಬಯಾಸ್ ಜೊತೆಗೇ ಬರುತ್ತವೆ. ಆ ತಿದ್ದುಪಡಿ ಮುಂದಿನ ಹಾನಿ ತಡೆಯುತ್ತದೆ, ಆಗಲೇ ಕೆಟ್ಟದ್ದನ್ನು ಸರಿ ಮಾಡುವುದಿಲ್ಲ. ಸೆಕೆಂಡ್ ಹ್ಯಾಂಡ್ ಪ್ರೊಸೆಸರ್ ತೆಗೆದುಕೊಂಡವರು ಇದನ್ನು ನೆನಪಿಡಿ.

ಇನ್ನು ವಿದ್ಯುತ್ ಮಿತಿ. ಕೆಲವು ಬೋರ್ಡುಗಳು ಇಂಟೆಲ್ ಹೇಳಿದ ಮಿತಿಯನ್ನು ತಾವೇ ತೆಗೆದುಹಾಕಿರುತ್ತವೆ. ಹೊಸ ಬಯಾಸ್‌ಗಳಲ್ಲಿ 'ಇಂಟೆಲ್ ಡೀಫಾಲ್ಟ್ ಸೆಟ್ಟಿಂಗ್ಸ್' ಎಂಬ ಆಯ್ಕೆ ಇರುತ್ತದೆ, ಅದನ್ನೇ ಆರಿಸಿ. ಸಾಧಾರಣ ಗಾಳಿ ಕೂಲರ್ ಇದ್ದರೆ ಅದಕ್ಕಿಂತಲೂ ಕೆಳಗೆ ಇಳಿಸಬಹುದು. ಎಎಂಡಿಯಲ್ಲಿ ಪಿಬಿಒ ಆನ್ ಆಗಿದ್ದರೆ ಆಫ್ ಮಾಡಿ ನೋಡಿ. ಅದು ಮಿತಿಯನ್ನು ಮೇಲಕ್ಕೆ ಎತ್ತುವ ಸೌಲಭ್ಯ. ಅದರ ಬದಲು ವ್ಯಾಟ್ ಮಿತಿಯನ್ನು ಇಳಿಸುವ ಇಕೋ ಮೋಡ್ ಹಾಕಬಹುದು. 65 ವ್ಯಾಟಿನ ಇಕೋ ಮೋಡ್‌ನಲ್ಲಿ ಪ್ರೊಸೆಸರ್ 88 ವ್ಯಾಟ್ ದಾಟುವುದಿಲ್ಲ. "ವೇಗ ಕಡಿಮೆಯಾಗುತ್ತಲ್ವಾ?" ಅಂತ ಕೇಳುತ್ತಾರೆ. ಆಗುತ್ತದೆ, ಆದರೆ ವ್ಯಾಟ್ ಇಳಿದಷ್ಟು ಅಲ್ಲ. ಕೊನೆಯ ಸ್ವಲ್ಪ ವೇಗಕ್ಕೇ ಪ್ರೊಸೆಸರ್ ವಿಪರೀತ ವಿದ್ಯುತ್ ತಿನ್ನುವುದು. ಅಷ್ಟು ವೇಗ ಬಿಟ್ಟುಕೊಟ್ಟು ತಣ್ಣಗಿರುವ, ಸದ್ದಿಲ್ಲದ ಕಂಪ್ಯೂಟರ್ ಪಡೆಯುವುದು ಒಳ್ಳೆಯ ವ್ಯವಹಾರ ಅಂತ ನನ್ನ ಅನಿಸಿಕೆ.

ಫ್ಯಾನ್ ಯಾವ ತಾಪಮಾನಕ್ಕೆ ಎಷ್ಟು ತಿರುಗಬೇಕು ಎಂಬ ಸೆಟ್ಟಿಂಗನ್ನೂ ಇಲ್ಲೇ ನೋಡಿ. 80 ಡಿಗ್ರಿಯಲ್ಲೂ ಅರ್ಧ ವೇಗದಲ್ಲಿ ತಿರುಗುತ್ತಿದ್ದರೆ ಅದನ್ನು ಏರಿಸಿ.

ಹಂತ 4: ಕೂಲರ್ ತೆಗೆದು ಪೇಸ್ಟಿನ ಗುರುತು ಓದಿ

ಪರೀಕ್ಷೆ ಸಂಪರ್ಕದ ಕಡೆ ಬೆರಳು ತೋರಿಸಿದ್ದರೆ ಮಾತ್ರ ಇಲ್ಲಿಗೆ ಬನ್ನಿ. ಕಂಪ್ಯೂಟರ್ ಆಫ್ ಮಾಡಿ, ವೈರ್ ಕೀಳಿ, ಕ್ಯಾಬಿನೆಟ್‌ನ ಲೋಹವನ್ನೊಮ್ಮೆ ಮುಟ್ಟಿ ಮೈಯಲ್ಲಿರುವ ಸ್ಥಿರ ವಿದ್ಯುತ್ ಇಳಿಸಿಕೊಳ್ಳಿ.

ಎಚ್ಚರಿಕೆ: ಎಎಂಡಿಯ ಎಎಂ4 ಸಾಕೆಟ್ ಇರುವವರು ಕೂಲರನ್ನು ನೇರ ಮೇಲಕ್ಕೆ ಎಳೆಯಬೇಡಿ. ಗಟ್ಟಿಯಾದ ಪೇಸ್ಟ್ ಅಂಟಿನಂತೆ ಹಿಡಿದು, ಪ್ರೊಸೆಸರೇ ಸಾಕೆಟ್‌ನಿಂದ ಕಿತ್ತು ಬರುತ್ತದೆ, ಪಿನ್ನುಗಳು ಬಾಗುತ್ತವೆ. ಕಂಪ್ಯೂಟರ್ ಆಫ್ ಮಾಡುವ ಮೊದಲೇ ಹತ್ತು ನಿಮಿಷ ಕೆಲಸ ಕೊಟ್ಟು ಪೇಸ್ಟ್ ಮೆತ್ತಗಾಗಲು ಬಿಡಿ. ಆಫ್ ಮಾಡಿದ ಮೇಲೆ ಸ್ಕ್ರೂ ಬಿಚ್ಚಿ, ಕೂಲರನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪ ತಿರುಗಿಸಿ, ಸಡಿಲವಾದ ಮೇಲೆ ಎತ್ತಿ.

ಕೂಲರ್ ಕೈಗೆ ಬಂದ ಕೂಡಲೇ ಒರೆಸಬೇಡಿ. ಟಾರ್ಚ್ ಹಿಡಿದು ಎರಡೂ ಕಡೆಯ ಪೇಸ್ಟ್ ನೋಡಿ. ಸರಿಯಾಗಿ ಕೂತಿದ್ದರೆ ಮುಚ್ಚಳದ ಮಧ್ಯದಲ್ಲಿ ಪೇಸ್ಟ್ ತೆಳುವಾಗಿ, ಲೋಹ ಕಾಣಿಸುವಷ್ಟು ಹರಡಿರುತ್ತದೆ, ಉಳಿದದ್ದು ಅಂಚಿಗೆ ಸರಿದಿರುತ್ತದೆ. ಒಮ್ಮೆ ನಾನು ಎತ್ತಿ ನೋಡಿದ ಕೂಲರಿನಲ್ಲಿ ಒಂದು ಮೂಲೆ ತೆಳ್ಳಗೆ ಒತ್ತಿತ್ತು. ಎದುರಿನ ಮೂಲೆಯಲ್ಲಿ ಹಚ್ಚಿದ ಬಟಾಣಿ ಗಾತ್ರದ ಪೇಸ್ಟ್ ಇನ್ನೂ ದುಂಡಗೆ ಹಾಗೇ ಕೂತಿತ್ತು, ಕೂಲರಿನ ಬರೀ ಒಂದು ಚುಕ್ಕೆ ಅದಕ್ಕೆ ತಾಗಿತ್ತು. ಪೇಸ್ಟ್ ಒಳ್ಳೆಯದೇ. ಎರಡು ಸ್ಕ್ರೂಗಳಷ್ಟೇ ಪೂರ್ತಿ ಬಿಗಿಯಾಗಿದ್ದವು. ಆ ಗುರುತನ್ನು ಒರೆಸಿಬಿಟ್ಟಿದ್ದರೆ ಕಾರಣ ತಿಳಿಯುತ್ತಲೇ ಇರಲಿಲ್ಲ.

ಗುರುತು ಕೆಟ್ಟಿದ್ದರೆ ನೋಡಬೇಕಾದವು ಇವು:

ಪ್ಲಾಸ್ಟಿಕ್ ಹಾಳೆ. ಹೊಸ ಕೂಲರಿನ ತಳಕ್ಕೆ ಪಾರದರ್ಶಕ ಹಾಳೆ ಅಂಟಿಸಿರುತ್ತಾರೆ. ಅದನ್ನು ಕೀಳದೆ ಕೂರಿಸಿದವರು ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಜನ.

ತಪ್ಪು ಸಾಕೆಟ್‌ನ ಕಾಲುಗಳು. ಹಳೆಯ ಕೂಲರನ್ನೇ ಹೊಸ ಬೋರ್ಡಿಗೆ ಹಾಕಿದವರು ಇದನ್ನು ಗಮನವಿಟ್ಟು ನೋಡಿ. ಇಂಟೆಲ್‌ನ ಎಲ್‌ಜಿಎ 1200 ಸಾಕೆಟ್‌ನಲ್ಲಿ ರಂಧ್ರಗಳ ಅಂತರ 75 ಮಿಲಿಮೀಟರ್, ಎಲ್‌ಜಿಎ 1700ರಲ್ಲಿ 78. ಅಂತರ ಮಾತ್ರವಲ್ಲ, 1700ರಲ್ಲಿ ಪ್ರೊಸೆಸರ್ 1200ಕ್ಕಿಂತ ಸ್ವಲ್ಪ ತಗ್ಗಿನಲ್ಲಿ ಕೂರುತ್ತದೆ. ಹಳೆಯ ಕಾಲುಗಳನ್ನು ಹೇಗೋ ಹೊಂದಿಸಿದರೂ ಒತ್ತಡ ಸಾಲುವುದಿಲ್ಲ. ಸ್ಕ್ರೂ ಪೂರ್ತಿ ತಿರುಗಿರುತ್ತದೆ, ಕೂಲರ್ ಮಾತ್ರ ಸಡಿಲವಾಗಿಯೇ ಇರುತ್ತದೆ. 1700ಕ್ಕೆಂದೇ ಮಾಡಿದ ಕಿಟ್ ಬೇಕು. ಎಎಂಡಿಯಲ್ಲಿ ಎಎಂ4ನಿಂದ ಎಎಂ5ಗೆ ಬಂದರೆ ಬೋರ್ಡಿನದೇ ಬ್ಯಾಕ್‌ಪ್ಲೇಟ್ ಬಳಸುವ ಕೂಲರುಗಳು ಸಾಮಾನ್ಯವಾಗಿ ಹೊಂದುತ್ತವೆ. ತಮ್ಮದೇ ಬ್ಯಾಕ್‌ಪ್ಲೇಟ್ ಬೇಕಾದವು ಹೊಂದುವುದಿಲ್ಲ, ಯಾಕೆಂದರೆ ಎಎಂ5ನಲ್ಲಿ ಆ ತಟ್ಟೆಯೇ ಸಾಕೆಟ್ಟನ್ನೂ ಹಿಡಿದಿರುತ್ತದೆ, ತೆಗೆಯಲು ಬರುವುದಿಲ್ಲ.

ಒತ್ತಿ ಕೂರಿಸುವ ಪಿನ್ನುಗಳು. ಇಂಟೆಲ್ ಜೊತೆ ಬರುವ ಸಣ್ಣ ಕೂಲರಿನಲ್ಲಿ ಇವು ನಾಲ್ಕಿರುತ್ತವೆ. ನಾಲ್ಕಕ್ಕೂ ಟಕ್ ಎಂಬ ಸದ್ದು ಬರಬೇಕು. ಬೋರ್ಡಿನ ಹಿಂದೆ ನೋಡಿದರೆ ಪ್ರತಿ ಬಿಳಿ ಕಾಲಿನ ನಡುವೆ ಕಪ್ಪು ಕಡ್ಡಿ ಹೊರಬಂದಿರಬೇಕು. ಒಂದು ಬಿಟ್ಟರೂ ಕೂಲರ್ ವಾಲುತ್ತದೆ.

ಈಗ ಮತ್ತೆ ಕೂರಿಸೋಣ. ಎರಡೂ ಲೋಹಗಳನ್ನು ಆಲ್ಕೋಹಾಲ್ ಹಾಕಿದ ಬಟ್ಟೆಯಿಂದ ಹೊಳೆಯುವ ತನಕ ಒರೆಸಿ, ಒಣಗಲು ಬಿಡಿ, ಬೆರಳು ತಾಗಿಸಬೇಡಿ. ಮಧ್ಯದಲ್ಲಿ ಬಟಾಣಿ ಗಾತ್ರದ ಪೇಸ್ಟ್ ಇಡಿ. 1700ರಂಥ ಉದ್ದನೆಯ ಪ್ರೊಸೆಸರಿಗೆ ಗುಣಾಕಾರ ಚಿಹ್ನೆಯಂತೆ ಎರಡು ತೆಳು ಗೆರೆ ಎಳೆಯುವುದು ಒಳ್ಳೆಯದು, ಮೂಲೆಗಳಿಗೂ ಮುಟ್ಟುತ್ತದೆ. ಪೇಸ್ಟ್ ಸ್ವಲ್ಪ ಜಾಸ್ತಿಯಾದರೆ ಅಂಚಿನಿಂದ ಹೊರಬರುತ್ತದೆ, ಕಡಿಮೆಯಾದರೆ ಖಾಲಿ ಜಾಗ ಉಳಿಯುತ್ತದೆ. ಎರಡರಲ್ಲಿ ಕಡಿಮೆಯಾಗುವುದೇ ಕೆಟ್ಟದ್ದು. ಕೂಲರನ್ನು ನೇರ ಕೆಳಗಿಳಿಸಿ. ಸ್ಕ್ರೂಗಳನ್ನು ಮೂಲೆಯಿಂದ ಎದುರು ಮೂಲೆಗೆ, ಒಂದೊಂದಕ್ಕೆ ಎರಡು ಸುತ್ತಿನಂತೆ ಬಿಗಿ ಮಾಡುತ್ತಾ ಹೋಗಿ. ಒಂದನ್ನೇ ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋದರೆ ಮತ್ತೆ ಅದೇ ವಾಲುವಿಕೆ.

ಎಚ್ಚರಿಕೆ: ಲಿಕ್ವಿಡ್ ಮೆಟಲ್ ಎಂಬ ದ್ರವ ಲೋಹವನ್ನು ಮೊದಲ ಸಲಕ್ಕೇ ಬಳಸಬೇಡಿ. ಅದರಲ್ಲಿರುವ ಗ್ಯಾಲಿಯಂ ಅಲ್ಯೂಮಿನಿಯಂ ಅನ್ನು ತಿಂದುಹಾಕುತ್ತದೆ, ಜೊತೆಗೆ ಅದು ವಿದ್ಯುತ್ ಹರಿಸುತ್ತದೆ. ಒಂದು ಹನಿ ಬೋರ್ಡಿನ ಮೇಲೆ ಬಿದ್ದರೆ ಶಾರ್ಟ್ ಆಗಬಹುದು.

ಹಂತ 5: ಫ್ಯಾನ್ ಮತ್ತು ಪಂಪ್

ಕೂಲರಿನ ಫ್ಯಾನ್ ವೈರ್ ಬೋರ್ಡಿನಲ್ಲಿ 'ಸಿಪಿಯು ಫ್ಯಾನ್' ಅಂತ ಬರೆದ ಜಾಗಕ್ಕೇ ಹೋಗಿರಬೇಕು. ಗಾಳಿಯ ದಿಕ್ಕೂ ನೋಡಿ. ಫ್ಯಾನಿನ ಯಾವ ಮಗ್ಗುಲಲ್ಲಿ ಮೋಟಾರನ್ನು ಹಿಡಿದ ಕಡ್ಡಿಗಳು ಕಾಣುತ್ತವೋ ಆ ಕಡೆಯಿಂದ ಗಾಳಿ ಹೊರಬರುತ್ತದೆ. ಆ ಗಾಳಿ ಕ್ಯಾಬಿನೆಟ್‌ನ ಹಿಂಬದಿಯ ಕಡೆಗೆ ಹೋಗುವಂತಿರಲಿ.

ನೀರಿನ ಕೂಲರ್ ಇದ್ದರೆ ಮೊದಲ ಅನುಮಾನ ಪಂಪಿನ ಮೇಲೆ. ಬಯಾಸ್‌ನಲ್ಲಿ ಪಂಪಿನ ಆರ್‌ಪಿಎಂ ಸೊನ್ನೆ ತೋರಿಸಿದರೆ ವೈರ್ ತಪ್ಪಿದೆ ಅಥವಾ ಪಂಪ್ ಸತ್ತಿದೆ. ಅದರ ವೇಗವನ್ನು ಫ್ಯಾನಿನಂತೆ ಏರಿಳಿಸಬೇಡಿ, ಸದಾ ಪೂರ್ತಿ ವೇಗದಲ್ಲಿ ಬಿಡಿ. ಕೆಲಸ ಕೊಟ್ಟು ಎರಡು ಕೊಳವೆಗಳನ್ನೂ ಮುಟ್ಟಿ. ನೀರು ಹರಿಯುತ್ತಿದ್ದರೆ ಎರಡೂ ಹೆಚ್ಚುಕಡಿಮೆ ಒಂದೇ ಬಿಸಿ ಇರುತ್ತವೆ. ಒಂದು ಸುಡುತ್ತಾ ಇನ್ನೊಂದು ತಣ್ಣಗಿದ್ದರೆ ಹರಿವು ನಿಂತಿದೆ. ನೀರನ್ನು ತಣ್ಣಗಾಗಿಸುವ ರೇಡಿಯೇಟರ್ ಕೂರಿಸಿದ ರೀತಿಯೂ ಮುಖ್ಯ. ಇಡೀ ಸುತ್ತಿನಲ್ಲಿ ಪಂಪ್ ಎಲ್ಲಕ್ಕಿಂತ ಎತ್ತರದಲ್ಲಿದ್ದರೆ ಒಳಗಿನ ಗಾಳಿಗುಳ್ಳೆಗಳೆಲ್ಲ ಅಲ್ಲೇ ಸೇರುತ್ತವೆ. ಗುಳುಗುಳು ಸದ್ದು ಕೇಳಿಸುತ್ತಿದ್ದರೆ ಇದನ್ನೇ ಅನುಮಾನಿಸಿ.

ಹಂತ 6: ಕ್ಯಾಬಿನೆಟ್‌ನ ಗಾಳಿ

ಇದಕ್ಕೆ ಸುಲಭದ ಪರೀಕ್ಷೆ ಇದೆ. ಪಕ್ಕದ ಮುಚ್ಚಳ ತೆಗೆದು ಹಂತ 2ರ ಪರೀಕ್ಷೆಯನ್ನೇ ಮತ್ತೆ ಓಡಿಸಿ. ಹತ್ತು ನಿಮಿಷದ ಅಂಕಿ ಐದು ಡಿಗ್ರಿಗಿಂತ ಜಾಸ್ತಿ ಇಳಿದರೆ ಕ್ಯಾಬಿನೆಟ್ ಉಸಿರುಗಟ್ಟಿದೆ. ಮುಂದಿನಿಂದ ಗಾಳಿ ಒಳಗೆ, ಹಿಂದಿನಿಂದ ಮತ್ತು ಮೇಲಿನಿಂದ ಹೊರಗೆ ಹೋಗುವಂತೆ ಫ್ಯಾನ್‌ಗಳನ್ನು ಹೊಂದಿಸಿ. ಮುಂದಿನ ಧೂಳಿನ ಜಾಲರಿ ತೊಳೆಯಿರಿ. ಗೇಮ್ ಆಡುವಾಗ ಮಾತ್ರ ಬಿಸಿ ಅನ್ನುವವರು ಗ್ರಾಫಿಕ್ಸ್ ಕಾರ್ಡಿನ ಬಿಸಿ ಗಾಳಿ ನೇರ ಕೂಲರಿಗೆ ಹೋಗುತ್ತಿದೆಯಾ ನೋಡಿ.

ಹಂತ 7: ಮತ್ತೆ ಅಳೆಯಿರಿ

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪ್ರತಿ ಸಲವೂ ಹಂತ 2ರ ಪರೀಕ್ಷೆಯನ್ನು ಓಡಿಸಿ. ಮೂರನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಇಳಿಯಿತು ಅಂತ ಗೊತ್ತಾಗುವುದಿಲ್ಲ.

ಎರಡು ಸಲ ಸರಿಯಾಗಿ ಕೂರಿಸಿ, ಪೇಸ್ಟಿನ ಗುರುತೂ ಚೆನ್ನಾಗಿ ಬಂದು, ವ್ಯಾಟೂ ಕಡಿಮೆ ಇದ್ದು, ಇನ್ನೂ ಕೆಲವೇ ಸೆಕೆಂಡಿನಲ್ಲಿ ಮಿತಿ ಮುಟ್ಟುತ್ತಿದೆಯಾ? ಹಾಗಾದರೆ ಕೂಲರಿನ ಒಳಗಿನ ಶಾಖದ ಕೊಳವೆಗಳೇ ಕೆಟ್ಟಿರಬಹುದು. ಪರಿಚಯದವರಿಂದ ಬೇರೊಂದು ಕೂಲರ್ ತಂದು ಅರ್ಧ ಗಂಟೆ ಹಾಕಿ ನೋಡಿ. ಅದರಲ್ಲಿ ಇಳಿದರೆ ನಿಮ್ಮ ಕೂಲರನ್ನು ವಾರಂಟಿಗೆ ಕಳಿಸಿ. ಅದರಲ್ಲೂ ಹಾಗೇ ಇದ್ದರೆ ಪ್ರೊಸೆಸರಿನ ವಾರಂಟಿಗೆ ಅರ್ಜಿ ಹಾಕಿ, ನೀವು ಬರೆದಿಟ್ಟ ಅಂಕಿಗಳನ್ನು ಅದರ ಜೊತೆ ಕೊಡಿ.